ಕೋರ್ಟಿನ ಮೊದಲ ಮೆಟ್ಟಿಲು

ಮನೆ ಪಾಲಿಗೋ ಬಾಡಿಗೆಗೋ ಗೋಡೆ ಜಗಳಕ್ಕೋ, ಹಳೆಯ ಬೆಂಗಳೂರಿನ ಪ್ರತಿ ಬೀದಿಯಿಂದಲೂ ಕೋರ್ಟಿಗೆ ಅಲೆದವರು ಒಬ್ಬರಾದರೂ ಇದ್ದಾರೆ. ಪತ್ರಿಕೆಗಳ ಮುಖಪುಟದಲ್ಲಿ ಬರುವುದು ಮೇಲಿನ ಕೋರ್ಟುಗಳ ತೀರ್ಪು. ಆದರೆ ನಡೆದದ್ದು ಏನು ಎಂದು ಗೊತ್ತುಮಾಡುವ ಕೆಲಸ ನಡೆಯುವುದು ಕೆಳಗಿನ ಕೋಣೆಯಲ್ಲಿ.

"ಯಾವ ಕೋರ್ಟು? ಫೆಡರಲ್ಲೋ, ಸ್ಟೇಟೋ?"

1992ರಲ್ಲಿ ನ್ಯೂಜೆರ್ಸಿಯಿಂದ ರಜೆಗೆ ಬಂದಿದ್ದ ಸೋದರಮಾವನ ಮಗ, ನಮ್ಮ ಚಾಮರಾಜಪೇಟೆ ಮನೆಯ ಜಗಲಿಯ ಮೇಲೆ ಕಾಫಿ ಲೋಟ ಹಿಡಿದು ಕೂತು ಕೇಳಿದ ಪ್ರಶ್ನೆ ಇದು. ನಮ್ಮ ಸೋದರತ್ತೆ ಹೂಡಿದ್ದ ಪಾಲಿನ ದಾವೆಗೆ ಆಗ ಐದು ವರ್ಷ ತುಂಬಿತ್ತು. ದೊಡ್ಡಪ್ಪ ಒಂದನೇ ಪ್ರತಿವಾದಿ, ಅಪ್ಪ ಎರಡನೇ ಪ್ರತಿವಾದಿ. ಅಂದಿನ 'ತಾರೀಖು' ಮುಗಿಸಿ ಅಪ್ಪ ಆಗಷ್ಟೇ ಮನೆಗೆ ಬಂದಿದ್ದರು. ಕಂಕುಳಲ್ಲಿ ಬಟ್ಟೆ ಚೀಲ, ಚೀಲದೊಳಗೆ ಕೆಂಪು ದಾರ ಕಟ್ಟಿದ ಕಾಗದದ ಕಟ್ಟು. ಪ್ರಶ್ನೆ ಅವರಿಗೆ ಅರ್ಥವಾಗಲಿಲ್ಲ.

"ಕೋರ್ಟು ಅಂದ್ರೆ ಕೋರ್ಟು ಕಣಯ್ಯ. ಅದರಲ್ಲೂ ಎರಡು ಜಾತಿ ಇದೆಯೇನು?" ಎಂದು ಕೇಳಿ, ಕಾಲು ತೊಳೆಯಲು ಬಚ್ಚಲಿಗೆ ಹೋದರು.

ಅಪ್ಪ ಕೊಟ್ಟ ಉತ್ತರ ಸರಿಯಾಗಿಯೇ ಇತ್ತು ಎಂದು ನನಗೆ ಗೊತ್ತಾಗಲು ಬಹಳ ವರ್ಷ ಬೇಕಾಯಿತು.

ಒಂದೇ ಏಣಿ

ಅಮೆರಿಕದಲ್ಲಿ ನಿಜಕ್ಕೂ ಎರಡು ಜಾತಿಯ ಕೋರ್ಟುಗಳಿವೆ. ಪ್ರತಿ ರಾಜ್ಯಕ್ಕೂ ತನ್ನದೇ ನ್ಯಾಯಾಲಯಗಳು. ಅವುಗಳ ಪಕ್ಕದಲ್ಲೇ, ಅವುಗಳಿಗೆ ಸೇರದೆ, ಒಕ್ಕೂಟ ಸರ್ಕಾರದ ವಿಚಾರಣಾ ನ್ಯಾಯಾಲಯಗಳು. 1789ರ ನ್ಯಾಯಾಂಗ ಕಾಯ್ದೆಯಿಂದ ಹುಟ್ಟಿದ ಈ ಫೆಡರಲ್ ಜಿಲ್ಲಾ ಕೋರ್ಟುಗಳು ಈಗ 94. ಅಲ್ಲಿನ ನ್ಯಾಯಾಧೀಶರನ್ನು ಅಧ್ಯಕ್ಷರು ಹೆಸರಿಸುತ್ತಾರೆ, ಸೆನೆಟ್ ಒಪ್ಪಬೇಕು. ನೇಮಕವಾದರೆ ಜೀವಾವಧಿ ಹುದ್ದೆ. ಪೇಟೆಂಟು, ದಿವಾಳಿತನ, ಒಕ್ಕೂಟದ ಕಾನೂನು ಮುರಿದ ಅಪರಾಧ ಇವೆಲ್ಲ ಅಲ್ಲಿಗೆ. ಬೇರೆ ಬೇರೆ ರಾಜ್ಯದ ಇಬ್ಬರು ಪ್ರಜೆಗಳು 75,000 ಡಾಲರಿಗೂ ಮಿಕ್ಕ ಹಣಕ್ಕೆ ಜಗಳವಾಡಿದರೂ ಅಲ್ಲಿಗೆ ಹೋಗಬಹುದು. ಅಣ್ಣತಮ್ಮಂದಿರ ಮನೆ ಪಾಲು ಮಾತ್ರ ಸಾಮಾನ್ಯವಾಗಿ ರಾಜ್ಯದ ಕೋರ್ಟಿಗೆ. ಹಾಗಾಗಿ ಅಲ್ಲಿನ ವಕೀಲನಿಗೆ ಎಷ್ಟೋ ಸಲ ಮೊದಲ ತಲೆನೋವೇ, ಯಾವ ಬಾಗಿಲು ತಟ್ಟಬೇಕು ಎಂಬುದು.

ನಮ್ಮದೂ ಒಕ್ಕೂಟವೇ. ದೆಹಲಿಗೊಂದು ಶಾಸನಸಭೆ, ವಿಧಾನಸೌಧದಲ್ಲೊಂದು ಶಾಸನಸಭೆ, ಇಬ್ಬರಿಗೂ ಸೇರಿದ ಸಮವರ್ತಿ ಪಟ್ಟಿಯೊಂದು. ಆದರೆ ಸಂವಿಧಾನ ಬರೆದವರು ಕೋರ್ಟನ್ನು ಮಾತ್ರ ಎರಡು ಮಾಡಲಿಲ್ಲ. 1948ರ ನವೆಂಬರಿನಲ್ಲಿ ಕರಡನ್ನು ಸಂವಿಧಾನ ಸಭೆಯ ಮುಂದಿಡುತ್ತ ಡಾ. ಅಂಬೇಡ್ಕರ್ ಇದನ್ನೇ ಒತ್ತಿ ಹೇಳಿದರು: ಆಡಳಿತ ಎರಡಾದರೂ ನ್ಯಾಯಾಂಗ ಒಂದೇ. ಕೇಂದ್ರದ ಕಾನೂನುಗಳಿಗಾಗಿ ಹೆಚ್ಚುವರಿ ಕೋರ್ಟುಗಳನ್ನು ಸ್ಥಾಪಿಸಲು 247ನೇ ವಿಧಿ ಸಂಸತ್ತಿಗೆ ಅಧಿಕಾರ ಕೊಟ್ಟಿದೆ. ಆದರೂ ಅಮೆರಿಕದಂಥ ಬೇರೊಂದು ಏಣಿ ಇಲ್ಲಿ ಎದ್ದು ನಿಲ್ಲಲಿಲ್ಲ. ಸಿ.ಬಿ.ಐ. ಹೂಡುವ ಮೊಕದ್ದಮೆಯನ್ನು ಬೆಂಗಳೂರಿನಲ್ಲಿ ಕೇಳುವವರೂ ಹೈಕೋರ್ಟಿನ ಹತೋಟಿಯಲ್ಲಿರುವ ನಗರದ ಸೆಷನ್ಸ್ ನ್ಯಾಯಾಧೀಶರೇ. ರಾಜ್ಯ ರಾಜ್ಯಗಳ ನಡುವಿನ ವ್ಯಾಜ್ಯ 131ನೇ ವಿಧಿಯ ಮೇರೆಗೆ ನೇರ ಸುಪ್ರೀಂ ಕೋರ್ಟಿಗೆ ಹೋಗುತ್ತದೆ. ನಮ್ಮ ನಿಮ್ಮಂಥವರ ವ್ಯಾಜ್ಯ ಬಹುಮಟ್ಟಿಗೆ ಕೆಳಗಿನ ಮೆಟ್ಟಿಲಿನಿಂದಲೇ ಶುರುವಾಗಬೇಕು.

ಈ ಏರ್ಪಾಟು ಎಷ್ಟು ದೂರ ಸಾಗಬಲ್ಲದು ಎಂಬುದಕ್ಕೆ ಬೆಂಗಳೂರಿನಲ್ಲೇ ನಿದರ್ಶನವಿದೆ. ತಮಿಳುನಾಡಿನ ಮುಖ್ಯಮಂತ್ರಿ ಜಯಲಲಿತಾ ಅವರ ಮೇಲಿನ ಅಕ್ರಮ ಆಸ್ತಿ ಮೊಕದ್ದಮೆಯನ್ನು ಸುಪ್ರೀಂ ಕೋರ್ಟು 2003ರಲ್ಲಿ ಚೆನ್ನೈನಿಂದ ಎತ್ತಿ ಬೆಂಗಳೂರಿಗೆ ಕಳುಹಿಸಿತು. ಆರೋಪ ಅಲ್ಲಿಯದು, ಸಾಕ್ಷಿಗಳು ಅಲ್ಲಿಯವರು, ತಮಿಳು ಕಾಗದಪತ್ರಗಳು ರಾಶಿ ರಾಶಿ. ಆದರೂ 2014ರ ಸೆಪ್ಟೆಂಬರ್ 27ರಂದು ಪರಪ್ಪನ ಅಗ್ರಹಾರದಲ್ಲಿ ಕೂತು ತೀರ್ಪು ಓದಿದವರು ಕರ್ನಾಟಕದ ವಿಚಾರಣಾ ನ್ಯಾಯಾಧೀಶರು. ಹೈಕೋರ್ಟು 2015ರಲ್ಲಿ ಅದನ್ನು ತಳ್ಳಿಹಾಕಿತು. 2017ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಮತ್ತೆ ವಿಚಾರಣಾ ನ್ಯಾಯಾಲಯದ ತೀರ್ಪನ್ನೇ ಎತ್ತಿಹಿಡಿಯಿತು. ಆ ವೇಳೆಗೆ ಜಯಲಲಿತಾ ತೀರಿಕೊಂಡಿದ್ದರು.

ಕಬ್ಬನ್ ಪಾರ್ಕಿನ ಆಚೆ ಈಚೆ

ಒಂದೇ ಊರಿನಲ್ಲಿ ಎರಡು ನ್ಯಾಯವ್ಯವಸ್ಥೆ ಇರುವುದು ಬೆಂಗಳೂರಿಗೆ ಹೊಸದೇನಲ್ಲ. 1947ರವರೆಗೆ ಹಾಗೆಯೇ ಇತ್ತು. ಪೇಟೆ, ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರ ಮೈಸೂರು ಮಹಾರಾಜರ ಸೀಮೆ. ಕಬ್ಬನ್ ಪಾರ್ಕಿನಾಚೆಯ ದಂಡು ಪ್ರದೇಶ ಬ್ರಿಟಿಷರ ಕೈಯಲ್ಲಿದ್ದ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್. ಈಚೆಗೆ ಮೈಸೂರಿನ ಕಾನೂನು, ಮೈಸೂರಿನ ಮುನ್ಸೀಫರು. ಅವರ ಮೇಲೆ 1884ರಲ್ಲಿ ಸ್ಥಾಪನೆಯಾದ ಚೀಫ್ ಕೋರ್ಟು. 1930ರಲ್ಲಿ ಅದಕ್ಕೆ ಹೈಕೋರ್ಟು ಎಂದು ಹೆಸರಾಯಿತು. ಆಚೆಗೆ ಬ್ರಿಟಿಷ್ ಕಾನೂನು, ಮೇಲೆ ರೆಸಿಡೆಂಟರ ಕೋರ್ಟು. ಪಾರ್ಕಿನ ಮರಗಳಡಿ ಸಂಜೆ ಅಡ್ಡಾಡುತ್ತಿದ್ದ ಮಲ್ಲೇಶ್ವರದ ಗೃಹಸ್ಥರು ಅರಿವಿಲ್ಲದೆಯೇ ಒಂದು ನ್ಯಾಯಾಧಿಕಾರದಿಂದ ಇನ್ನೊಂದಕ್ಕೆ ಕಾಲಿಡುತ್ತಿದ್ದರು!

ಎರಡು ಕಾಲದ ಗುರುತೂ ಇಂದಿಗೂ ನಿಂತಿವೆ. ಈಚೆ ಬದಿಯಲ್ಲಿ, 1868ರಲ್ಲಿ ಮುಗಿದ ಕೆಂಪು ಬಣ್ಣದ ಅಠಾರಾ ಕಚೇರಿ. ಹದಿನೆಂಟು ಇಲಾಖೆಗಳಿಗೆಂದು ಕಟ್ಟಿದ್ದರಿಂದ ಆ ಹೆಸರು. 1980ರ ದಶಕದಲ್ಲಿ ಅದನ್ನು ಕೆಡವುವ ಮಾತು ಬಂದಾಗ ಊರಿನ ಜನ ಕೋರ್ಟಿಗೇ ಹೋಗಿ ಹೋರಾಡಿದರು. ಇಂದು ಅದೇ ನಮ್ಮ ಹೈಕೋರ್ಟು. ಆಚೆ ಬದಿಯಲ್ಲಿ ಮೇಯೋ ಹಾಲ್. 1872ರಲ್ಲಿ ಅಂಡಮಾನಿನಲ್ಲಿ ಕೊಲೆಯಾದ ವೈಸರಾಯ್ ಲಾರ್ಡ್ ಮೇಯೋ ನೆನಪಿಗೆ ಕಟ್ಟಿದ್ದು, 1883ರಲ್ಲಿ ತೆರೆದದ್ದು. ಅಲ್ಲಿಯೂ ಈಗ ಕೋರ್ಟುಗಳು ನಡೆಯುತ್ತವೆ. ಆದರೆ ಎರಡೂ ಕಡೆ ನಡೆಯುವುದು ಒಂದೇ ಕಾನೂನು.

ನಡುವೆ 1937ರಲ್ಲಿ ದೆಹಲಿಯಲ್ಲಿ 'ಫೆಡರಲ್ ಕೋರ್ಟು' ಎಂಬ ಹೆಸರಿನದೇ ಒಂದು ಬಂತು. ಆದರೆ ಅದು ಸಾಕ್ಷಿ ಕರೆಸಿ ಮನೆ ಮಠದ ದಾವೆ ಕೇಳುವ ಕೋರ್ಟಲ್ಲ; ಪ್ರಾಂತಗಳ ನಡುವಿನ ವ್ಯಾಜ್ಯ, ಸಂವಿಧಾನದ ಪ್ರಶ್ನೆ ಅದರ ಕೆಲಸ. ಅಂದು ಹಾಕಿಕೊಂಡಿದ್ದ ಒಕ್ಕೂಟದ ಯೋಜನೆಗೆ ಸಂಸ್ಥಾನಗಳು ಸೇರಲೇ ಇಲ್ಲವಾದ್ದರಿಂದ ಬಸವನಗುಡಿಯವರಿಗೆ ಅದರ ಗಾಳಿಯೂ ಸೋಕಲಿಲ್ಲ. 1950ರ ಜನವರಿಯಲ್ಲಿ ಅದರ ಜಾಗಕ್ಕೆ ಸುಪ್ರೀಂ ಕೋರ್ಟು ಬಂತು.

ಬಡಾವಣೆಗಳೂ ದಾವೆಗಳೂ

ಚಾಮರಾಜಪೇಟೆ ಹುಟ್ಟಿದ್ದು 1892ರಲ್ಲಿ. ಬಸವನಗುಡಿ, ಮಲ್ಲೇಶ್ವರಗಳು 1898ರ ಪ್ಲೇಗಿನ ಬೆನ್ನಲ್ಲೇ ಬೆಳೆದವು. ಇಕ್ಕಟ್ಟಿನ ಪೇಟೆ ಬಿಟ್ಟು ಬಂದ ಗುಮಾಸ್ತರು, ಮೇಷ್ಟರುಗಳು, ವಕೀಲರು, ವರ್ತಕರು ಅಳೆದು ಹಂಚಿದ ನಿವೇಶನಗಳಲ್ಲಿ ಮನೆ ಕಟ್ಟಿಕೊಂಡರು. ಮುಂದೆ ಜಗಲಿ, ಮೇಲೆ ಮಂಗಳೂರು ಹೆಂಚೋ ಮದರಾಸು ತಾರಸಿಯೋ, ಹಿತ್ತಿಲಲ್ಲಿ ಬಾವಿ, ತೆಂಗು, ಕರಿಬೇವು. ಕಟ್ಟಿದವರು ಒಬ್ಬರು, ಎರಡನೇ ತಲೆಮಾರಿಗೆ ಮೂವರು, ಮೂರನೆಯದಕ್ಕೆ ಹನ್ನೊಂದು. ಮಕ್ಕಳು ಹೆಚ್ಚಿದ ಹಾಗೆ ನಿವೇಶನ ಹಿಗ್ಗಲಿಲ್ಲ. ಬೆಲೆ ಮಾತ್ರ ಗಾಂಧಿಬಜಾರಿನ ಮಲ್ಲಿಗೆ ಮೊಳಕ್ಕೆ ಏರಿದ ಹಾಗೆ ಹಬ್ಬದಿಂದ ಹಬ್ಬಕ್ಕೆ ಏರಿತು. ಕೋರ್ಟಿಗೆ ದಾರಿ ಅಲ್ಲಿಂದಲೇ.

ಇನ್ನೊಂದು ದಾರಿ ಬಾಡಿಗೆಯದು. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಕಾಲದಲ್ಲಿ ಒಮ್ಮೆ ಮನೆಯೊಳಗೆ ಬಂದ ಬಾಡಿಗೆದಾರನನ್ನು ಎಬ್ಬಿಸಬೇಕಾದರೆ 21ನೇ ಕಲಮಿನಲ್ಲಿ ಹೇಳಿದ ಕಾರಣಗಳಲ್ಲಿ ಒಂದನ್ನಾದರೂ ರುಜುವಾತು ಮಾಡಬೇಕಿತ್ತು. 'ನನ್ನ ಸ್ವಂತಕ್ಕೆ ಬೇಕು' ಎಂದರೆ ಸಾಲದು. ಮಗನ ಮದುವೆ ನಿಜವೋ, ಇರುವ ಮನೆ ಸಾಲದೆಂಬುದು ನಿಜವೋ ಎಂದೆಲ್ಲ ಸಣ್ಣ ವ್ಯಾಜ್ಯಗಳ ಕೋರ್ಟು ವಿಚಾರಿಸುತ್ತಿತ್ತು. ವಠಾರಗಳಲ್ಲಿ ಒಂದೇ ನಲ್ಲಿಯಲ್ಲಿ ನೀರು ಹಿಡಿಯುವ ಮಾಲೀಕನ ಹೆಂಡತಿಯೂ ಬಾಡಿಗೆದಾರನ ಹೆಂಡತಿಯೂ ಬೆಳಿಗ್ಗೆ ಮಾತಾಡಿಕೊಂಡು, ಹನ್ನೊಂದು ಗಂಟೆಗೆ ಗಂಡಂದಿರನ್ನು ಎದುರು ಬದುರು ಬೆಂಚಿಗೆ ಕಳುಹಿಸಿಕೊಡುತ್ತಿದ್ದರು. 2001ರ ಕೊನೆಯ ದಿನ ಹೊಸ ಬಾಡಿಗೆ ಕಾಯ್ದೆ ಜಾರಿಗೆ ಬಂತು. ನಗರದಲ್ಲಿ ತಿಂಗಳಿಗೆ 3,500 ರೂಪಾಯಿಗೆ ಮೇಲ್ಪಟ್ಟ ಬಾಡಿಗೆಯ ಮನೆಗಳು ಆ ರಕ್ಷಣೆಯಿಂದಲೇ ಹೊರಬಿದ್ದವು. ವಠಾರಗಳೂ ಒಂದೊಂದಾಗಿ ಹೋದವು.

ಬೆಂಗಳೂರಿನ ಕೋರ್ಟಿಗೆ ಇನ್ನೊಂದು ವಿಶೇಷವಿದೆ. ತಾಲ್ಲೂಕುಗಳಲ್ಲಿ ದಾವೆ ಶುರುವಾಗುವುದು ಸಿವಿಲ್ ಜಡ್ಜರಲ್ಲಿ. ಹಳಬರ ಬಾಯಲ್ಲಿ ಅವರು ಇಂದಿಗೂ ಮುನ್ಸೀಫರೇ. ಬೆಂಗಳೂರು ನಗರಕ್ಕೆ ಮಾತ್ರ 1979ರ ಪ್ರತ್ಯೇಕ ಕಾಯ್ದೆಯೊಂದು ಸಿಟಿ ಸಿವಿಲ್ ಕೋರ್ಟನ್ನು ಕೊಟ್ಟಿತು. ಇಲ್ಲಿ ಮೊದಲ ಮೆಟ್ಟಿಲಲ್ಲೇ ಕೂರುವವರು ಜಿಲ್ಲಾ ನ್ಯಾಯಾಧೀಶರ ದರ್ಜೆಯವರು. ಅವರ ಡಿಕ್ರಿಯ ಮೇಲೆ ಮೊದಲ ಮೇಲ್ಮನವಿ ನೇರವಾಗಿ ಹೈಕೋರ್ಟಿಗೆ. ನಡುವೆ ಒಂದು ಮೆಟ್ಟಿಲು ಕಡಿಮೆ. ಹಾಗೆಂದು ಪ್ರಯಾಣವೇನೂ ಕಡಿಮೆಯಾಗಲಿಲ್ಲ ಎನ್ನಬೇಕು.

ಓದುವ ಕೋರ್ಟು, ನೋಡುವ ಕೋರ್ಟು

ವಿಚಾರಣಾ ನ್ಯಾಯಾಲಯ ನಿಜವಾಗಿ ಮಾಡುವ ಕೆಲಸವೇನು? ಕಾನೂನು ಏನೆಂಬುದನ್ನು ಹೈಕೋರ್ಟೂ ಹೇಳಬಲ್ಲದು, ಸುಪ್ರೀಂ ಕೋರ್ಟೂ ಹೇಳಬಲ್ಲದು. ಆದರೆ 1938ರಲ್ಲಿ ಚಾಮರಾಜಪೇಟೆಯ ಒಂದು ಬೀದಿಯಲ್ಲಿ ಒಂದು ಮನೆಗೆ ಇಟ್ಟಿಗೆ ತರಿಸಿದ್ದು ಯಾರ ದುಡ್ಡಿನಲ್ಲಿ ಎಂಬುದನ್ನು ಕಂಡುಹಿಡಿಯಬೇಕಾದದ್ದು ಕೆಳಗಿನ ಕೋರ್ಟು.

ದಾವೆ ದಾಖಲಾಗುತ್ತದೆ, ಸಮನ್ಸ್ ಹೋಗುತ್ತದೆ, ಪ್ರತಿವಾದಿ ಲಿಖಿತ ಹೇಳಿಕೆ ಕೊಡುತ್ತಾನೆ. ಒಬ್ಬರು ಹೌದೆಂದು ಇನ್ನೊಬ್ಬರು ಅಲ್ಲವೆಂದ ಸಂಗತಿಗಳನ್ನು ಹೆಕ್ಕಿ ನ್ಯಾಯಾಧೀಶರು ವಿವಾದಾಂಶಗಳನ್ನು ಬರೆಯುತ್ತಾರೆ. ಆಮೇಲೆ ಸಾಕ್ಷಿ ಕಟ್ಟೆ. ಮೊದಲು ಸ್ವಂತ ವಕೀಲರ ಪ್ರಶ್ನೆ, ಆನಂತರ ಎದುರು ವಕೀಲರ ಪಾಟೀಸವಾಲು. ಹೇಳಿದ್ದು ಟೈಪಾಗುತ್ತದೆ, ಓದಿ ಹೇಳಲಾಗುತ್ತದೆ, ನ್ಯಾಯಾಧೀಶರ ಸಹಿ ಬೀಳುತ್ತದೆ. ಸಾಕ್ಷಿ ತಡವರಿಸಿದರೆ, ಬೆವರಿದರೆ, ಉತ್ತರಕ್ಕೆ ಮುಂಚೆ ಅಣ್ಣನ ಮುಖ ನೋಡಿದರೆ, ಆ ವರ್ತನೆಯನ್ನೂ ಬರೆದಿಡಲು ಸಿವಿಲ್ ಪ್ರಕ್ರಿಯಾ ಸಂಹಿತೆ ನ್ಯಾಯಾಧೀಶರಿಗೆ ಅವಕಾಶ ಕೊಟ್ಟಿದೆ. ಮೇಲಿನ ಕೋರ್ಟಿಗೆ ಹೋಗುವುದು ಈ ಟೈಪಾದ ಹಾಳೆಗಳು. ಅಲ್ಲಿ ಸಾಮಾನ್ಯವಾಗಿ ಸಾಕ್ಷಿಯನ್ನು ಮತ್ತೆ ಕರೆಯುವುದಿಲ್ಲ.

ಭಾಷೆಯ ಗೆರೆಯೂ ಇಲ್ಲೇ ಇದೆ. ಸಂವಿಧಾನದ 348ನೇ ವಿಧಿಯಂತೆ ಹೈಕೋರ್ಟಿನ ವ್ಯವಹಾರ ಇಂಗ್ಲಿಷಿನಲ್ಲಿ. ಕೆಳಗಿನ ಕೋರ್ಟುಗಳಲ್ಲಿ ಕನ್ನಡಕ್ಕೆ ಜಾಗವಿದೆ. ಕನ್ನಡದಲ್ಲಿ ತೀರ್ಪು ಬರೆದ ನ್ಯಾಯಾಧೀಶರೂ ಇದ್ದಾರೆ. ನಮ್ಮ ಜನ ತಮ್ಮ ಮಾತಿನಲ್ಲೇ ತಮ್ಮ ಕತೆ ಹೇಳಿ, ಹೇಳಿದ್ದನ್ನು ತಾವೇ ಕೇಳಿಸಿಕೊಳ್ಳುವುದು ಮೊದಲ ಮೆಟ್ಟಿಲಲ್ಲಿ ಮಾತ್ರ.

ಅಜ್ಜನ ಲೆಕ್ಕದ ಪುಸ್ತಕ

ನಮ್ಮ ಮನೆಯ ದಾವೆಯಲ್ಲಿ ಇದ್ದದ್ದೂ ಒಂದೇ ಪ್ರಶ್ನೆ. ಮನೆ ಅಜ್ಜನ ಸ್ವಯಾರ್ಜಿತವೋ, ಪಿತ್ರಾರ್ಜಿತವೋ?

ಅಜ್ಜ ಗುಮಾಸ್ತರಾಗಿದ್ದವರು. 1974ರಲ್ಲಿ ಉಯಿಲು ಬರೆಯದೆ ತೀರಿಕೊಂಡರು. 1981ರಲ್ಲಿ ಅಜ್ಜಿಯೂ ಹೋದರು. ಉಳಿದವರು ದೊಡ್ಡಪ್ಪ, ಅಪ್ಪ ಮತ್ತು ಅತ್ತೆ. ಅತ್ತೆಗೆ ಮದುವೆಯಾದದ್ದು 1952ರಲ್ಲಿ, ವೈಧವ್ಯ ಬಂದದ್ದು 1985ರಲ್ಲಿ. ಮನೆ ಅಜ್ಜನ ಸಂಬಳದಿಂದಾದದ್ದು ಎಂದಾದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಮೂವರಿಗೂ ಸಮಪಾಲು. ಅತ್ತೆಗೆ ಮೂರರಲ್ಲಿ ಒಂದು. ಮಾಗಡಿ ಕಡೆಯ ಪಿತ್ರಾರ್ಜಿತ ಜಮೀನು ಮಾರಿದ ಹಣದಿಂದಾದದ್ದು ಎಂದಾದರೆ, ಗಂಡುಮಕ್ಕಳಿಗೆ ಹುಟ್ಟಿನಿಂದಲೇ ಪಾಲು, ಅಜ್ಜನ ಭಾಗದಲ್ಲಿ ಮಾತ್ರ ಅತ್ತೆಗೆ ಪಾಲು. ದೊಡ್ಡಪ್ಪನ ವಕೀಲರ ಲೆಕ್ಕದಲ್ಲಿ ಅದು ಒಂಬತ್ತರಲ್ಲಿ ಒಂದು.

ಇದಲ್ಲದೆ ಇನ್ನೊಂದು ಅಡ್ಡಿಯೂ ಆಗ ಕಾನೂನಿನಲ್ಲಿತ್ತು. ಕುಟುಂಬದವರೇ ಪೂರ್ತಿಯಾಗಿ ವಾಸವಾಗಿರುವ ಮನೆಯನ್ನು ಗಂಡುಮಕ್ಕಳು ಭಾಗ ಮಾಡಿಕೊಳ್ಳಲು ಹೊರಡುವ ತನಕ ಹೆಣ್ಣುಮಕ್ಕಳು ಭಾಗ ಕೇಳುವಂತಿರಲಿಲ್ಲ. ನಮ್ಮ ಮುಂದಿನ ಕೋಣೆಯನ್ನು ದರ್ಜಿಯೊಬ್ಬರಿಗೆ ಬಾಡಿಗೆಗೆ ಕೊಟ್ಟಿದ್ದದ್ದು ಅತ್ತೆಗೆ ಅನುಕೂಲವಾಯಿತು. ಹೀಗೆ 1987ರಲ್ಲಿ ನಗರದ ಒಂದು ಕೋರ್ಟಿನಲ್ಲಿ ದಾವೆ ದಾಖಲಾಯಿತು. ಜಂಟಿ ಸ್ವಾಧೀನದಲ್ಲಿದ್ದು ಪಾಲು ಕೇಳುವವರಿಗೆ 1958ರ ಕೋರ್ಟ್ ಶುಲ್ಕ ಕಾಯ್ದೆ ಗೊತ್ತುಮಾಡಿದ್ದ ಹೆಚ್ಚಿನ ಶುಲ್ಕ 200 ರೂಪಾಯಿ. ಅತ್ತೆ ಅದನ್ನು ತಮ್ಮ ಕುಟುಂಬ ಪಿಂಚಣಿಯಿಂದ ಕಟ್ಟಿದರು.

ಅತ್ತೆಯ ಬಳಿ ಇದ್ದ ಆಧಾರ ಒಂದೇ. ಅಜ್ಜಿ ಕೊಟ್ಟಿದ್ದ, ರಟ್ಟು ಕಿತ್ತುಹೋದ ಲೆಕ್ಕದ ಪುಸ್ತಕ. ಸುಣ್ಣ ಎರಡು ಗಾಡಿ, ಗಾರೆಯವರಿಗೆ ಇಷ್ಟು, ಬಾಗಿಲುವಾಡಕ್ಕೆ ಇಷ್ಟು, ಸಂಬಳದಲ್ಲಿ ಸಹಕಾರ ಸಂಘದ ಸಾಲಕ್ಕೆ ಮುರಿದದ್ದು ಇಷ್ಟು ಎಂದು ತಿಂಗಳು ತಿಂಗಳೂ ಬರೆದಿಟ್ಟದ್ದು. ಮೂವತ್ತು ವರ್ಷ ದಾಟಿದ ಕಾಗದ ಸರಿಯಾದವರ ಸುಪರ್ದಿನಿಂದ ಬಂದರೆ ಅದು ಬರೆದವರದೇ ಎಂದು ಕೋರ್ಟು ಊಹಿಸಬಹುದು ಎಂದು ಸಾಕ್ಷ್ಯದ ಕಾನೂನು ಹೇಳುತ್ತದೆ. ಆದರೆ ಬರೆದವರು ಯಾರೆಂದು ಆ ಕಾಗದವಾದರೂ ಹೇಳಬೇಕಲ್ಲ? ಹೆಸರಿದ್ದ ಮೊದಲ ಹಾಳೆಯೇ ಹರಿದುಹೋಗಿತ್ತು.

ಕೈಬರಹವನ್ನು ಗುರುತಿಸಬಲ್ಲ ಹಿರಿಯರೊಬ್ಬರು ಎದುರು ಮನೆಯಲ್ಲಿದ್ದರು. ಮನೆ ಕಟ್ಟುವಾಗ ಹುಡುಗನಾಗಿ ಮರಳಿನ ಗುಡ್ಡೆಯ ಮೇಲೆ ಆಡಿದವರು, ಆಮೇಲೆ ಅಜ್ಜನ ಜೊತೆ ಒಂದೇ ಕಚೇರಿಯಲ್ಲಿ ದುಡಿದವರು. ಅವರ ಹೆಸರು ಸಾಕ್ಷಿಪಟ್ಟಿಯಲ್ಲಿತ್ತು. ತಾರೀಖು ಮೂರು ತಿಂಗಳಿಗೊಮ್ಮೆ ಬೀಳುತ್ತಿತ್ತು. ಒಮ್ಮೆ ವಕೀಲರಿಗೆ ಪುರಸತ್ತಿಲ್ಲ, ಒಮ್ಮೆ ನ್ಯಾಯಾಧೀಶರಿಗೆ ವರ್ಗ, ಒಮ್ಮೆ ಕಡತ ಬಂದಿಲ್ಲ. 1991ರ ಶ್ರಾವಣದಲ್ಲಿ ಆ ಹಿರಿಯರು ತೀರಿಕೊಂಡರು. ಮನೆ ಮನೆಯವರೆಲ್ಲ ಸಾವಿಗೆ ಹೋದೆವು. ಅತ್ತೆಯೂ ಬಂದಿದ್ದರು. ಅಂಗಳದಲ್ಲಿ ದೊಡ್ಡಪ್ಪ, ಅತ್ತೆ ಬೇರೆ ಬೇರೆ ಕಂಬಕ್ಕೆ ಒರಗಿ ಕೂತಿದ್ದರು. ಒಂದು ಸಾಕ್ಷಿ ಹೋಯಿತು ಎಂದು ಇಬ್ಬರಿಗೂ ಗೊತ್ತಿತ್ತು. ಮೇಲೆ ಎಷ್ಟು ಕೋರ್ಟುಗಳಿದ್ದರೇನು, ಆ ಮಾತನ್ನು ಇನ್ನು ಯಾರೂ ಬರೆದುಕೊಳ್ಳುವಂತಿರಲಿಲ್ಲ.

ಅಪ್ಪ ಕಟ್ಟೆ ಹತ್ತಿದ್ದು 1995ರಲ್ಲಿ. ಲಿಖಿತ ಹೇಳಿಕೆಗೆ ಅವರು ಅಣ್ಣ ತೋರಿಸಿದ ಕಡೆ ಸಹಿ ಹಾಕಿದ್ದವರು. ಅದನ್ನು ಪೂರ್ತಿ ಓದಿರಲಿಲ್ಲ. ಆ ದಿನ ನಾನು ಹಿಂದಿನ ಬೆಂಚಿನಲ್ಲಿದ್ದೆ. ಅಟೆಂಡರ್ ಹೆಸರನ್ನು ಮೂರು ಸಲ ಕೂಗಿದ. ಅಪ್ಪ ಚಪ್ಪಲಿ ಬಿಟ್ಟು ಹೋಗಿ ನಿಂತರು. ಅತ್ತೆಯ ವಕೀಲರು ಪುಸ್ತಕವನ್ನು ಅವರ ಕೈಗೆ ಕೊಟ್ಟು ಕೇಳಿದರು: "ಇದು ಯಾರ ಅಕ್ಷರ?"

ಅಪ್ಪ ಕನ್ನಡಕ ಹಾಕಿಕೊಂಡರು. ಹಾಳೆ ತಿರುವಿದರು. ದೊಡ್ಡಪ್ಪನ ಕಡೆ ಒಮ್ಮೆ ನೋಡಿದರು. ಮೇಲೆ ಫ್ಯಾನು ಕಿರಗುಟ್ಟುತ್ತಿತ್ತು.

"ನಮ್ಮಪ್ಪಂದು" ಎಂದರು.

ಆಮೇಲೆ, ಯಾರೂ ಕೇಳದಿದ್ದರೂ, ಹೇಳಿದರು. "ಸಂಘದ ಸಾಲ ತೀರಿದ ದಿನ ಮನೇಲಿ ಹೋಳಿಗೆ ಮಾಡಿದ್ರು. ನನಗೆ ನೆನಪಿದೆ."

ಟೈಪಿಸ್ಟರು ಕ್ಷಣ ನಿಲ್ಲಿಸಿ ನ್ಯಾಯಾಧೀಶರ ಮುಖ ನೋಡಿದರು. ಬರೆದುಕೊಳ್ಳಿ ಎಂದು ಅವರು ತಲೆಯಾಡಿಸಿದರು. ಹೋಳಿಗೆಯೂ ದಾಖಲೆಗೆ ಸೇರಿತು.

ಆ ಸಂಜೆ ದೊಡ್ಡಪ್ಪ ಮನೆಗೆ ಬಂದು ಅಪ್ಪನ ಜೊತೆ ಮಾತಾಡಲಿಲ್ಲ. ನಡುಮನೆಯಲ್ಲಿ ಎರಡು ಒಲೆ ಉರಿಯಲು ಶುರುವಾದದ್ದು ಮಾರನೆಯ ದಿನದಿಂದ. ಅಪ್ಪನಿಗೂ ಆ ಉತ್ತರದಿಂದ ನಷ್ಟವೇ ಆಗಿತ್ತು. ಅದರ ಬಗ್ಗೆ ಅವರು ಮನೆಯಲ್ಲಿ ಎಂದೂ ಮಾತೆತ್ತಲಿಲ್ಲ. ಅಮ್ಮ ಕೇಳಿದಾಗ ಒಮ್ಮೆ ಮಾತ್ರ ಹೇಳಿದರು: "ಅಕ್ಷರ ನೋಡಿದ ಮೇಲೆ ಇನ್ನೇನು ಹೇಳಲಿ?"

ಕಾನೂನು ಓಡಿತು, ದಾವೆ ನಡೆಯಿತು

ಈ ನಡುವೆ ಕಾನೂನೇ ಬದಲಾಗುತ್ತಿತ್ತು. ಹೆಣ್ಣುಮಕ್ಕಳ ಆಸ್ತಿಯ ವಿಷಯದಲ್ಲಿ ನಮ್ಮ ನಾಡು ಹಿಂದುಳಿದದ್ದಲ್ಲ. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕುಗಳಿಗೆ ಕಾಯ್ದೆ ಮಾಡಿತು; ಬ್ರಿಟಿಷ್ ಇಂಡಿಯಾ ಅಂಥ ಕಾಯ್ದೆ ತಂದದ್ದು ನಾಲ್ಕು ವರ್ಷ ಕಳೆದ ಮೇಲೆ. ಉತ್ತರಾಧಿಕಾರ ಸಮವರ್ತಿ ಪಟ್ಟಿಯ ವಿಷಯವಾದ್ದರಿಂದ ಕೇಂದ್ರದ 1956ರ ಕಾಯ್ದೆಗೆ ಕರ್ನಾಟಕ ತನ್ನದೇ ತಿದ್ದುಪಡಿ ತಂದು, 1994ರ ಜುಲೈ 30ರಿಂದ ಮಗಳಿಗೂ ಹುಟ್ಟಿನಿಂದಲೇ ಪಾಲು ಎಂದಿತು. ಆದರೆ ಆ ದಿನಕ್ಕೆ ಮುಂಚೆ ಮದುವೆಯಾದವರಿಗೆ ಇಲ್ಲ. 2005ರ ಸೆಪ್ಟೆಂಬರ್ 9ರಿಂದ ಕೇಂದ್ರವೇ ಮದುವೆಯ ಭೇದ ತೆಗೆದು ಎಲ್ಲ ಹೆಣ್ಣುಮಕ್ಕಳಿಗೂ ಆ ಹಕ್ಕು ಕೊಟ್ಟಿತು. ವಾಸದ ಮನೆಯ ಅಡ್ಡಿಯನ್ನೂ ಕಿತ್ತುಹಾಕಿತು. ಅಂದು ತಂದೆ ಬದುಕಿರಬೇಕೇ ಬೇಡವೇ ಎಂಬ ಗೊಂದಲಕ್ಕೆ, ಬೇಡ ಎಂದು ಸುಪ್ರೀಂ ಕೋರ್ಟು ತೆರೆ ಎಳೆದದ್ದು 2020ರ ಆಗಸ್ಟಿನಲ್ಲಿ.

ಸಂಸ್ಥಾನದ ಕಾಯ್ದೆ, ದೆಹಲಿಯ ಕಾಯ್ದೆ, ವಿಧಾನಸೌಧದ ತಿದ್ದುಪಡಿ ಇವೆಲ್ಲವೂ ಬಂದು ಬೀಳುವುದು ಒಬ್ಬರೇ ನ್ಯಾಯಾಧೀಶರ ಮೇಜಿನ ಮೇಲೆ. ನ್ಯೂಜೆರ್ಸಿಯ ಅಣ್ಣನ ಪ್ರಶ್ನೆಗೆ ಇದೇ ಉತ್ತರ. ಇಲ್ಲಿ ಯಾವ ಬಾಗಿಲು ಎಂಬ ಗೊಂದಲವಿಲ್ಲ. ಬಡವನಿಗೆ ಅದು ದೊಡ್ಡ ಉಪಕಾರ. ಆದರೆ ಬಾಗಿಲು ಒಂದೇ ಆದ್ದರಿಂದ ಎಲ್ಲರೂ ಅಲ್ಲೇ ನಿಲ್ಲಬೇಕು. ಅಲ್ಲಿ ಸಾಲು ನಿಂತರೆ ಬೇರೆ ದಾರಿಯಿಲ್ಲ. ನಮ್ಮ ಅತ್ತೆಯ ವಿಷಯದಲ್ಲಿ ಅದೇ ಆಯಿತು. 1994ರ ಕಾನೂನು ಅವರನ್ನು ಹೊರಗಿಟ್ಟಿತು. 2005ರ ಕಾನೂನು ಬರುವ ವೇಳೆಗೆ ಅವರಿರಲಿಲ್ಲ. ಅವರ ಕೈ ಹಿಡಿದದ್ದು 1956ರ ಹಳೆಯ ಕಾನೂನು, ಲೆಕ್ಕದ ಪುಸ್ತಕ ಮತ್ತು ಕಟ್ಟೆಯಲ್ಲಿ ಬಂದ ಒಂದು ಮಾತು.

1998ರಲ್ಲಿ ಪ್ರಾಥಮಿಕ ಡಿಕ್ರಿಯಾಯಿತು. ಅತ್ತೆಗೆ ಮೂರರಲ್ಲಿ ಒಂದು ಪಾಲು. ದೃಢೀಕೃತ ನಕಲು ತಂದ ದಿನ ಅವರು ಅದನ್ನು ನನ್ನಿಂದ ಓದಿಸಿ ಕೇಳಿದರು. ಹೋಳಿಗೆಯ ಮಾತು ಬಂದಾಗ ಮತ್ತೊಮ್ಮೆ ಓದು ಎಂದರು. ದೊಡ್ಡಪ್ಪ ಮೇಲ್ಮನವಿ ಹೋದರು. ಅತ್ತೆ 2003ರಲ್ಲಿ ತೀರಿಕೊಂಡರು. ಅವರ ಜಾಗಕ್ಕೆ ಮಗಳ ಹೆಸರು ಬಂತು. 2004ರಲ್ಲಿ ಮೇಲ್ಮನವಿ ವಜಾ ಆಯಿತು.

ಪಾಲಿನ ದಾವೆ ಡಿಕ್ರಿಯಿಂದ ಮುಗಿಯುವುದಿಲ್ಲ ಎಂಬುದು ಎಷ್ಟೋ ಜನಕ್ಕೆ ಗೊತ್ತಾಗುವುದೇ ಡಿಕ್ರಿಯಾದ ಮೇಲೆ. ಪ್ರಾಥಮಿಕ ಡಿಕ್ರಿ ಹೇಳುವುದು ಯಾರಿಗೆ ಎಷ್ಟು ಎಂದು. ಯಾವ ಕೋಣೆ ಯಾರಿಗೆ ಎಂಬುದಕ್ಕೆ ಮತ್ತೆ ಅಂತಿಮ ಡಿಕ್ರಿಯ ನಡಾವಳಿ. ಕೋರ್ಟು ನೇಮಿಸಿದ ಕಮಿಷನರು ಟೇಪು ಹಿಡಿದು ಬಂದು ಬಾವಿಕಟ್ಟೆಯಿಂದ ಜಗಲಿಯವರೆಗೆ ಅಳೆದರು. ಒಂದು ಬಾವಿಯನ್ನು ಮೂರು ಮಾಡುವುದು ಹೇಗೆ? ಭಾಗ ಮಾಡಲಾಗದ ಮನೆಯನ್ನು ಮಾರಿ ಹಣ ಹಂಚಲು 1893ರ ವಿಭಾಗ ಕಾಯ್ದೆಯಲ್ಲಿ ದಾರಿಯಿದೆ. ಕೊನೆಗೆ ಹಾಗೆ ಹರಾಜಿಗೆ ಹೋಗುವುದು ಬೇಡವೆಂದು, 2008ರಲ್ಲಿ ಸಂಧಾನದ ಮೇಜಿನ ಮುಂದೆ ಕೂತು ಮೂರು ಮನೆಯವರೂ ಒಪ್ಪಿಕೊಂಡೆವು. ದೊಡ್ಡಪ್ಪನಿಗೂ ಅಪ್ಪನಿಗೂ ಆಗ ಎಂಬತ್ತರ ಆಸುಪಾಸು. ಸಹಿ ಹಾಕುವಾಗ ಅಪ್ಪನ ಪೆನ್ನು ಬರೆಯಲಿಲ್ಲ. ದೊಡ್ಡಪ್ಪ ತಮ್ಮದನ್ನು ಕೊಟ್ಟರು. ಹದಿಮೂರು ವರ್ಷದ ಮೇಲೆ ಇಬ್ಬರ ನಡುವೆ ಕೈ ಬದಲಾದ ಮೊದಲ ವಸ್ತು ಅದು.

ಈಗ

'ಗೆದ್ದವ ಸೋತ, ಸೋತವ ಸತ್ತ' ಎಂಬ ಗಾದೆ ನಮ್ಮಲ್ಲಿ ಹುಟ್ಟಿದ್ದು ಸುಮ್ಮನೆ ಅಲ್ಲ. ಆದರೂ ಕಾಲ ಒಂದಿಷ್ಟು ಬದಲಾಗಿದೆ. 2002ರ ಜುಲೈನಿಂದ ಮುಖ್ಯ ವಿಚಾರಣೆ ಪ್ರಮಾಣಪತ್ರದ ಮೂಲಕವೇ ಆಗಬಹುದೆಂದಾಗಿ, ಕಟ್ಟೆಯ ಕಾಲ ಪಾಟೀಸವಾಲಿಗೆ ಉಳಿಯಿತು. ಸಂಧಾನಕ್ಕೂ ಅಂದೇ ಕಾನೂನಿನ ಬಲ ಬಂತು. 2007ರಲ್ಲಿ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ ಬಾಗಿಲು ತೆರೆಯಿತು. ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದ ಮೆಟ್ಟಿಲ ಮೇಲೆ ಹೆಗಲು ಬಾಗಿಸಿಕೊಂಡು ಹತ್ತಿ, ಹಗುರಾಗಿ ಇಳಿದವರನ್ನು ನೋಡಿದ್ದೇನೆ. ತಾರೀಖು ತಿಳಿಯಲು ಗೋಡೆಯ ಪಟ್ಟಿಯ ಮುಂದೆ ಕತ್ತು ಚಾಚಬೇಕಾಗಿಲ್ಲ, ಮೊಬೈಲಿನಲ್ಲೇ ಕಾಣುತ್ತದೆ. 2020ರ ಕೊರೊನಾ ಕಾಲದಲ್ಲಿ ವಕೀಲರು ಮನೆಯ ಕೋಣೆಯಿಂದಲೇ ವಾದಿಸಿದರು.

ಆದರೆ ವಯಸ್ಸಾದ ಸಾಕ್ಷಿ ಮುಂದಿನ ತಾರೀಖಿನವರೆಗೆ ಇರುತ್ತಾರೆ ಎಂದು ಯಾವ ಮೊಬೈಲೂ ಭರವಸೆ ಕೊಡಲಾರದು. ಸಾಕ್ಷಿ ಬದುಕಿರದ ಭಯವಿದ್ದರೆ ಅವರ ಹೇಳಿಕೆಯನ್ನು ಬೇಗ ಪಡೆಯಿರಿ, ಅಗತ್ಯವಾದರೆ ಕಮಿಷನರನ್ನು ಮನೆಗೇ ಕಳುಹಿಸಿ ಎಂದು ಅರ್ಜಿ ಹಾಕಲು ಕಾನೂನಿನಲ್ಲಿ ಅವಕಾಶವಿದೆ. ನಮ್ಮ ಎದುರು ಮನೆಯ ಹಿರಿಯರಿಗಾಗಿ ಅಂಥ ಅರ್ಜಿಯನ್ನು ಯಾರೂ ಹಾಕಲಿಲ್ಲ. ಅತ್ತೆಗೆ ಗೊತ್ತಿರಲಿಲ್ಲ; ಗೊತ್ತಿದ್ದವರು ಹೇಳಲಿಲ್ಲ. ಮನೆಯಲ್ಲಿ ಹಳೆಯ ಕಾಗದವೂ ಹಳೆಯ ಜೀವವೂ ಇದ್ದು, ದಾವೆಯೂ ಇರುವ ಓದುಗರು ಇದೊಂದನ್ನಾದರೂ ತಮ್ಮ ವಕೀಲರನ್ನು ಕೇಳಿ ನೋಡಲಿ.

ನಮ್ಮ ಮನೆಯ ಜಾಗದಲ್ಲಿ ಈಗ ನಾಲ್ಕು ಅಂತಸ್ತಿನ ಕಟ್ಟಡವಿದೆ. ಬಾವಿಯಿದ್ದಲ್ಲಿ ಲಿಫ್ಟು. ದಾವೆ ಮುಗಿದ ಮೇಲೆ ಅರ್ಜಿ ಹಾಕಿ ದಾಖಲೆಗಳನ್ನು ವಾಪಸು ಪಡೆಯಬಹುದು. ಅತ್ತೆಯ ಮಗಳು ಹಾಗೆ ಪಡೆದ ಲೆಕ್ಕದ ಪುಸ್ತಕವನ್ನು ನನ್ನಲ್ಲಿ ಬಿಟ್ಟಿದ್ದಾಳೆ. ಹರಿದುಹೋದ ಹೆಸರಿನ ಹಾಳೆಯ ಮುಂದಿನ ಹಾಳೆಯ ನೆತ್ತಿಯಲ್ಲಿ ಕೋರ್ಟಿನ ನೀಲಿ ಮೊಹರು, 'ನಿಶಾನೆ ಪಿ-4' ಎಂಬ ಬರಹ, ನ್ಯಾಯಾಧೀಶರ ಸಹಿ. ಅದರ ಕೆಳಗೆ ಅಜ್ಜನ ದುಂಡು ಅಕ್ಷರದಲ್ಲಿ: ಸುಣ್ಣ, ಗಾಡಿ ಎರಡು.